ಫೋಟೋದಲ್ಲಿ ಅಜ್ಜನ ಪಕ್ಕ ನಿಂತವರು ಯಾರು?

ಓದುಗರ ಪತ್ರ (ಸಂಕ್ಷಿಪ್ತವಾಗಿ): "ನಾನು ಕಾಸರಗೋಡಿನ ಎಣ್ಮಕಜೆ ಕಡೆಯವನು. ಹತ್ತೊಂಬತ್ತು ವರ್ಷದಿಂದ ದುಬೈಯಲ್ಲಿದ್ದೇನೆ. ಈ ವರ್ಷ ಮೂವರು ಗೆಳೆಯರ ಜೊತೆ ನಮೀಬಿಯಾಕ್ಕೆ ಬೇಟೆ ಸಫಾರಿಗೆ ಹೋಗುವ ಯೋಚನೆ ಇದೆ. ಹತ್ತು ದಿನ. ಗೈಡ್, ಪರವಾನಗಿ, ಊಟ, ವಸತಿ ಎಲ್ಲ ಅವರದೇ ಏರ್ಪಾಡು, ಎಲ್ಲವೂ ಕಾನೂನು ಪ್ರಕಾರ. ಬೇಟೆಯ ಹಣದಿಂದಲೇ ಅಲ್ಲಿನ ಕಾಡು ಉಳಿದಿದೆಯಂತೆ. ನನ್ನ ಅಜ್ಜ ಊರಿಗೇ ಹೆಸರಾದ ಬೇಟೆಗಾರ, ಆ ರಕ್ತ ನನ್ನಲ್ಲೂ ಇದೆ. ನಮ್ಮೂರಲ್ಲಿ ತೋಟ ಅಗೆದು ಹಾಕುವ ಹಂದಿಯನ್ನೂ ಮುಟ್ಟುವಂತಿಲ್ಲ. ಅಲ್ಲಿಗೆ ಹೋದರೆ ತಪ್ಪೇನು? ಹೆಂಡತಿ ಮಾತ್ರ ಬೇಡ ಅನ್ನುತ್ತಾಳೆ. ಅಜ್ಜನ ಫೋಟೋ ಕಳಿಸಿದ್ದೇನೆ, ದಯವಿಟ್ಟು ಪ್ರಕಟಿಸಿ."

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದು ಮೂರು ವಾರವಾಯಿತು. ತಡವಾಯಿತೆಂದು ಬೇಸರ ಮಾಡಬೇಡಿ. ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸಲು ಮನಸ್ಸಾಗಲಿಲ್ಲ. ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದೆ ಬರೆದಿದ್ದೀರಿ. ಮನೆಯವರು ಬೇಡ ಅಂದದ್ದನ್ನೂ ಬಿಟ್ಟಿಲ್ಲ. ಇಷ್ಟು ವರ್ಷ ಹೊರಗಿದ್ದೂ ಕೈಬರಹದಲ್ಲಿ ನಾಲ್ಕು ಪುಟ ಚಂದದ ಕನ್ನಡ ಬರೆಯುವವರು ನಮ್ಮ ಗಡಿನಾಡಿನಲ್ಲಿ ಈಗ ಎಷ್ಟು ಜನ ಇದ್ದಾರೆ ಹೇಳಿ.

ಮೊದಲು ನಿಮ್ಮ ಕಡೆಯ ನ್ಯಾಯ ಹೇಳಿಬಿಡುತ್ತೇನೆ. ನಮೀಬಿಯಾದಲ್ಲಿ 1996ರಲ್ಲಿ ಒಂದು ಕಾನೂನು ಬಂತು. ಊರಿನವರು ಸೇರಿ ಸಂಘ ಕಟ್ಟಿಕೊಂಡರೆ, ತಮ್ಮ ನೆಲದಲ್ಲಿ ಓಡಾಡುವ ಕಾಡುಪ್ರಾಣಿಗಳಿಂದ ಬರುವ ಲಾಭ ಅವರಿಗೇ. ಬೇಟೆಗೆ ಬಂದವರು ಕೊಡುವ ಹಣದ ಪಾಲು ಸಂಘಕ್ಕೆ, ಮಾಂಸ ಊರಿನ ಮನೆಗಳಿಗೆ. ಹಿಂದೆ ಕದ್ದು ಕೊಲ್ಲುತ್ತಿದ್ದ ಊರುಗಳಲ್ಲಿ ಜನರೇ ಕಾವಲು ನಿಂತರು. ಬೋಟ್ಸ್ವಾನಾ 2014ರಲ್ಲಿ ಬೇಟೆ ನಿಲ್ಲಿಸಿ, ಆನೆ ಕಾಟಕ್ಕೆ ಬೇಸತ್ತ ಹಳ್ಳಿಯವರ ಮಾತಿಗೆ ಓಗೊಟ್ಟು 2019ರಲ್ಲಿ ಮತ್ತೆ ಬಿಟ್ಟಿತು. ಕೀನ್ಯಾ 1977ರಲ್ಲೇ ಪೂರ್ತಿ ನಿಲ್ಲಿಸಿತು, ಆದರೂ ಅಲ್ಲಿ ಪ್ರಾಣಿಗಳು ಕಡಿಮೆಯಾಗುವುದು ನಿಲ್ಲಲಿಲ್ಲ. ಇದೆಲ್ಲ ನಿಜ. ನಿಮಗೆ ಯಾರೋ ಸುಳ್ಳು ಹೇಳಿಲ್ಲ.

ಆದರೆ ನೀವು ಕೇಳಿದ್ದು ಕಾನೂನಿನ ಪ್ರಶ್ನೆಯಲ್ಲ, ಅಜ್ಜನ ರಕ್ತದ ಪ್ರಶ್ನೆ. ಅಲ್ವಾ?

ಹಾಗಾದರೆ ಆ ಹತ್ತು ದಿನ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡೋಣ. ಸಫಾರಿ ಅನ್ನುವುದು ಸ್ವಾಹಿಲಿ ಮಾತು. ಅರಬ್ಬಿಯ 'ಸಫರ್'ನಿಂದ ಬಂದದ್ದು, ಪ್ರಯಾಣ ಅಂತ ಅರ್ಥ. ದುಬೈಯಲ್ಲಿರುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ಪ್ರಯಾಣದಲ್ಲಿ ದಿನಕ್ಕೆ ಇಷ್ಟು ಎಂದು ಒಂದು ಬಾಡಿಗೆ. ಅದರ ಮೇಲೆ ಪ್ರಾಣಿಗೊಂದು ದರ, ಹೋಟೆಲಿನ ದರಪಟ್ಟಿಯ ಹಾಗೆ ಬರೆದಿಟ್ಟಿರುತ್ತಾರೆ. ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಸಾಕು, ಪ್ರಾಣಿ ಸಿಗಲಿ ಬಿಡಲಿ, ಹಣ ಕೊಡಬೇಕೆಂಬುದು ಅಲ್ಲಿನ ಸಾಮಾನ್ಯ ಕರಾರು. ಬೆಳಗ್ಗೆ ಜೀಪಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಹೆಜ್ಜೆ ಹುಡುಕುವವರು ಸ್ಥಳೀಯರು. ಗಾಳಿ ಯಾವ ಕಡೆಗಿದೆ ಎಂದು ಬೂದಿಯ ಚೀಲ ಕೊಡವಿ ನೋಡುವವರು ಅವರು. ಪ್ರಾಣಿ ಕಂಡಾಗ ಮೂರು ಕಾಲಿನ ಊರುಗೋಲು ನೆಟ್ಟು, ಅದರ ಮೇಲೆ ನಿಮ್ಮ ಬಂದೂಕು ಇಡಿಸುತ್ತಾರೆ. 'ಈಗ' ಅನ್ನುತ್ತಾರೆ. ನೀವು ಬಂದೂಕಿನ ಕುದುರೆ ಎಳೆಯುತ್ತೀರಿ. ನಿಮ್ಮ ಗುರಿ ತಪ್ಪಿದರೆ ಹೊಡೆಯಲು ಇನ್ನೊಬ್ಬರು ದೊಡ್ಡ ಬಂದೂಕು ಹಿಡಿದು ಪಕ್ಕದಲ್ಲೇ ಇರುತ್ತಾರೆ. ಆಮೇಲೆ ಪ್ರಾಣಿಯ ಮುಖದ ರಕ್ತ ಒರೆಸಿ, ತಲೆ ಎತ್ತಿ ನಿಲ್ಲಿಸಿ, ಹಿಂದೆ ನಿಮ್ಮನ್ನು ಕೂರಿಸಿ ಫೋಟೋ ತೆಗೆಯುತ್ತಾರೆ. ಚರ್ಮ ಸುಲಿದು ಉಪ್ಪು ಹಾಕುವವರು ಬೇರೆ.

ಇದರಲ್ಲಿ ನಿಮ್ಮ ಬೇಟೆ ಎಷ್ಟು? ಕೊನೆಯ ಒಂದು ಬೆರಳಿನ ಕೆಲಸ. ಉಳಿದದ್ದೆಲ್ಲ ಬೇರೆಯವರ ವಿದ್ಯೆ.

ನನ್ನ ಸೋದರಮಾವನ ಮನೆಯಲ್ಲಿ ಒಂದು ಬೆಡಿ, ಅಂದರೆ ಬಂದೂಕು, ಇತ್ತು. ನಾನು ಹುಟ್ಟಿದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ. ಹತ್ತು ವರ್ಷದವನಿದ್ದಾಗ ಒಂದು ಬೆಳಗ್ಗೆ ಅವರ ಹಿಂದೆ ತೋಟಕ್ಕೆ ಹೋಗಿದ್ದೆ. ರಾತ್ರಿ ಹಂದಿ ಬಂದು ಅಡಿಕೆ ಸಸಿಗಳ ಬುಡ ಅಗೆದಿತ್ತು. ಮಾವನ ಮುಂದೆ ಒಬ್ಬ ವಯಸ್ಸಾದವರು ನಡೆಯುತ್ತಿದ್ದರು. ನಾವು ಮಕ್ಕಳು ಅವರನ್ನು ಅಜ್ಜೇರ್ ಎನ್ನುತ್ತಿದ್ದೆವು. ದೊಡ್ಡವರು ಏಕವಚನದಲ್ಲಿ ಕರೆಯುತ್ತಿದ್ದರು, ಆಗಿನ ಕಾಲ ಹಾಗಿತ್ತು. ಅವರು ಒಂದು ಹೆಜ್ಜೆಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಹೆಜ್ಜೆಯ ಗುಳಿಯಲ್ಲಿ ನೀರು ಇನ್ನೂ ಕದಡಿತ್ತು. ಬೆರಳಿಟ್ಟು ನೋಡಿದರು. ಆಮೇಲೆ ಎದ್ದು ಒಂದು ಅಡಿಕೆ ಮರದ ಕಾಂಡ ತೋರಿಸಿದರು. ಹಂದಿ ಮೈ ಉಜ್ಜಿದ ಕೆಸರು ನನ್ನ ಮೊಣಕಾಲಿನ ಮೇಲಕ್ಕೆ ಇತ್ತು, ಅದರಲ್ಲಿ ಎರಡು ಒರಟು ಕೂದಲು. ಅದಕ್ಕಿಂತ ತುಂಬ ಕೆಳಗೆ, ಅಂಗೈ ಎತ್ತರದಲ್ಲಿ, ಇನ್ನೂ ನಾಲ್ಕೈದು ಸಣ್ಣ ಕೆಸರು ಗುರುತು. ನನಗೆ ಅದು ಬರೀ ಕೊಳೆಯಾಗಿ ಕಂಡಿತ್ತು. ಅವರು ಮಾವನ ಕಡೆ ತಿರುಗಿ "ಬೊಡ್ಚಿ, ಕಿನ್ನಿ ಉಂಡು" ಅಂದರು. ಬೇಡ, ಮರಿ ಇದೆ ಅಂತ. ಮಾವ ಮರು ಮಾತಾಡದೆ ಬೆಡಿಯಿಂದ ತೋಟೆ ತೆಗೆದು ಕಿಸೆಗೆ ಹಾಕಿಕೊಂಡರು. ಐವತ್ತು ಸಸಿ ಹೋದರೂ ಸರಿ.

ಆ ಬೆಳಗ್ಗೆ ನಾನು ಕಂಡದ್ದೇ ಬೇಟೆ ಎಂದು ಈಗಲೂ ನಂಬಿದ್ದೇನೆ. ಅಲ್ಲಿ ಈಡೇ ಹೊಡೆಯಲಿಲ್ಲ.

ವಿದೇಶದ ಒಳ್ಳೆಯ ಗೈಡ್ ಕೂಡ ಬೇಡ ಅನ್ನುತ್ತಾನೆ, ಮರಿ ಇರುವ ಹೆಣ್ಣನ್ನು ಬಿಡಿಸುತ್ತಾನೆ. ಒಪ್ಪುತ್ತೇನೆ. ಆದರೆ ಅವನ ಅನ್ನ ನಿಮ್ಮ ಗುಂಡಿನ ಮೇಲೆ ನಿಂತಿದೆ. ಒಂಬತ್ತನೆಯ ದಿನದವರೆಗೂ ಏನೂ ಸಿಗದಿದ್ದರೆ ಬೇಡ ಅನ್ನುವುದು ಅವನಿಗೆ ಎಷ್ಟು ಕಷ್ಟ ಯೋಚಿಸಿ. ಜಿಂಬಾಬ್ವೆಯ ಸೆಸಿಲ್ ಸಿಂಹದ ಸುದ್ದಿ ನೆನಪಿರಬಹುದು. 2015ರ ಜುಲೈ. ಹದಿಮೂರು ವರ್ಷದ ಸಿಂಹ. ಕೊರಳಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಕಟ್ಟಿದ ಪಟ್ಟಿ ಇತ್ತು. ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಗಡಿ ದಾಟಿ ಹೊರಗೆ ಬಂದಿದ್ದಾಗ ಅಮೆರಿಕದಿಂದ ಬಂದವರೊಬ್ಬರು ಬಾಣ ಬಿಟ್ಟರು. ಗಾಯಗೊಂಡ ಸಿಂಹ ಗಂಟೆಗಟ್ಟಲೆ ನರಳಿತು, ಆಮೇಲೆ ಕೊಂದರು. ಸುಮಾರು ಐವತ್ತು ಸಾವಿರ ಡಾಲರ್ ಕೊಟ್ಟಿದ್ದರಂತೆ. ಕಾಗದಪತ್ರ ಸರಿ ಇದೆ ಎಂದು ಅವರ ಮೇಲೆ ಮೊಕದ್ದಮೆ ಆಗಲಿಲ್ಲ. ಮೊಕದ್ದಮೆ ಬಿದ್ದದ್ದು ಅಲ್ಲಿನ ಗೈಡ್ ಮೇಲೆ. ಅದೂ ಕೊನೆಗೆ ನಿಲ್ಲಲಿಲ್ಲ. ಆದರೆ ತಪ್ಪು ನಡೆದ ಮೇಲೆ ವಿಮಾನ ಹತ್ತಿದವರು ಯಾರು, ಕೋರ್ಟಿಗೆ ಅಲೆದವರು ಯಾರು, ನೋಡಿ. ದಕ್ಷಿಣ ಆಫ್ರಿಕಾದಲ್ಲಂತೂ ಸಿಂಹವನ್ನು ಬೇಲಿಯೊಳಗೇ ಸಾಕಿ ಹೊಡೆಯಲು ಬಿಡುವ ವ್ಯಾಪಾರ ಬೆಳೆದಿತ್ತು. ಇದು ನಿಲ್ಲಬೇಕು ಎಂದು 2021ರಲ್ಲಿ ಅಲ್ಲಿನ ಸರ್ಕಾರವೇ ಹೇಳಬೇಕಾಯಿತು.

'ಬೇಟೆಯ ಹಣದಿಂದ ಕಾಡು ಉಳಿಯುತ್ತದೆ' ಎನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಪಾಠ ಇದೆ. ಇವತ್ತು ನಮೀಬಿಯಾ ಮಾರುವುದನ್ನು ನಾವೇ ಮಾರಿದ್ದೇವೆ. ಸ್ವಾತಂತ್ರ್ಯ ಬಂದ ಮೇಲೂ ಹುಲಿ ಹೊಡೆಯಲು ವಿದೇಶೀಯರು ಇಲ್ಲಿಗೆ ಬರುತ್ತಿದ್ದರು. ಶಿಕಾರಿ ಕಂಪನಿಗಳು ಆನೆ, ಡೇರೆ, ಅಡುಗೆಯವರು ಎಲ್ಲ ಒದಗಿಸುತ್ತಿದ್ದವು. ಮೈಸೂರಿನಲ್ಲಿ ವ್ಯಾನ್ ಇಂಗೆನ್ ಅವರ ಕಾರ್ಖಾನೆ ಇತ್ತು. ಹುಲಿ ಚಿರತೆಗಳ ಚರ್ಮ ಹದಮಾಡಿ, ತಲೆ ಬಾಯಿ ತೆರೆದಂತೆ ಕೂರಿಸುವುದರಲ್ಲಿ ಅವರದು ಲೋಕಪ್ರಸಿದ್ಧ ಕೈ. ಹುಲಿ ಬೇಟೆ ನಿಂತದ್ದು 1970ರಲ್ಲಿ. 1972ರಲ್ಲಿ ಎಣಿಸಿದಾಗ ಸಿಕ್ಕ ಲೆಕ್ಕ 1,827 ಹುಲಿ. ಚೀತಾದ್ದಂತೂ ವಂಶವೇ ಹೋಯಿತು. ಈಗಿನ ಛತ್ತೀಸ್‌ಗಢದಲ್ಲಿರುವ ಕೊರಿಯಾ ಸಂಸ್ಥಾನದ ರಾಜ 1947ರಲ್ಲಿ ಒಂದೇ ರಾತ್ರಿ ಮೂರನ್ನು ಹೊಡೆದ ಮೇಲೆ ನಂಬಿಕೆಯಿಂದ ಹೇಳಬಹುದಾದ ದಾಖಲೆಯೇ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಎಂಟು ಚೀತಾಗಳನ್ನು ವಿಮಾನದಲ್ಲಿ ಮಧ್ಯಪ್ರದೇಶದ ಕುನೋ ಕಾಡಿಗೆ ತಂದರಲ್ಲ, ಎಲ್ಲಿಂದ? ನೀವು ಹೋಗಬೇಕೆಂದಿರುವ ಅದೇ ನಮೀಬಿಯಾದಿಂದ.

ನಮ್ಮಲ್ಲಿ ಆ ಹಣ ಯಾಕೆ ಕಾಡು ಉಳಿಸಲಿಲ್ಲ? ಕಾಡಿನ ಅಂಚಿನ ಬಡವನಿಗೆ ಅದರಲ್ಲಿ ಪಾಲು ಇರಲಿಲ್ಲ, ಮಾತೂ ಇರಲಿಲ್ಲ. ನಮೀಬಿಯಾದಿಂದ ಕಲಿಯಬೇಕಾದದ್ದು ಇದನ್ನು. ನೀವು ಆ ದೇಶದ ಬಗ್ಗೆ ಓದಿದ್ದು ಒಳ್ಳೆಯದೇ, ಆದರೆ ಅರ್ಧ ಓದಿದ್ದೀರಿ ಮಾರಾಯ್ರೇ. ಅಲ್ಲಿ ದೊಡ್ಡದು ಹೊರಗಿನಿಂದ ಬಂದು ಗುಂಡು ಹಾರಿಸುವವನ ಹಕ್ಕಲ್ಲ. ಆ ನೆಲದಲ್ಲಿ ಆಡು ಮೇಯಿಸುವವನ ಹಕ್ಕು.

ಈಗ ನಮ್ಮೂರಿಗೆ ಬನ್ನಿ. ಹಂದಿಯನ್ನು ಮುಟ್ಟುವಂತಿಲ್ಲ ಎಂದು ಬರೆದಿದ್ದೀರಿ. ಪೂರ್ತಿ ಸರಿಯಲ್ಲ. 1972ರ ವನ್ಯಜೀವಿ ಕಾನೂನಿನಲ್ಲಿ ಬೇಟೆ ನಿಷೇಧ ಹೌದು. ಆದರೆ 2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಬೆಳೆಗೆ, ಜೀವಕ್ಕೆ ತೊಂದರೆ ಕೊಡುವ ಕಾಡುಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತು. ಬೆಡಿಯಲ್ಲಿ ಹೊಡೆಯುವುದಾದರೆ ಅದಕ್ಕೆ ಲೈಸೆನ್ಸ್ ಇರಬೇಕು. ವಿಷ, ಕರೆಂಟು, ಸಿಡಿಮದ್ದು ಕೂಡದು. ಕೊಂದ ಹಂದಿಯನ್ನು ತಿನ್ನುವಂತಿಲ್ಲ, ಹೂಳಬೇಕು. ಕಾಗದದಲ್ಲಿ ಅಪ್ಪಣೆ ಇದೆ. ಅದನ್ನು ನಡೆಸಿಕೊಡುವ ಕೈ ಎಲ್ಲಿ? ಲೈಸೆನ್ಸ್ ಇರುವವರಿಗೆ ಎಪ್ಪತ್ತು ದಾಟಿದೆ, ರಾತ್ರಿ ಕಣ್ಣು ಕಾಣುವುದಿಲ್ಲ. ಪ್ರತಿ ಚುನಾವಣೆಗೂ ಬೆಡಿಯನ್ನು ಠಾಣೆಯಲ್ಲಿ ಇಡಬೇಕು. ನಮ್ಮಲ್ಲಿ ಚುನಾವಣೆ ಮುಗಿಯುವುದು ಯಾವಾಗ? ಇನ್ನು ನಮ್ಮ ಗಡಿಯ ತೋಡಿನ, ಆ ಸಣ್ಣ ಹಳ್ಳದ, ಆಚೆ ಕರ್ನಾಟಕ. ಇಲ್ಲಿನ ಅಪ್ಪಣೆ ತೋಡಿನ ದಂಡೆಗೆ ಮುಗಿಯುತ್ತದೆ, ಹಂದಿ ಮಾತ್ರ ರಾತ್ರಿ ಎರಡು ಸಲ ದಾಟುತ್ತದೆ.

ಕಳೆದ ಆಟಿಯಲ್ಲಿ, ಜೋರು ಮಳೆಯ ತಿಂಗಳಲ್ಲಿ, ನಮ್ಮ ನೆರೆಮನೆಯವರ ಮರಗೆಣಸಿನ ಗದ್ದೆಗೆ ಹೋಗಿದ್ದೆ. ಸುತ್ತಲೂ ಹಳೆ ಸೀರೆ ಕಟ್ಟಿದ್ದರು. ಗಾಳಿಗೆ ಸೀರೆ ಅಲ್ಲಾಡಿದರೆ ಹಂದಿ ಹೆದರುತ್ತದೆ ಅಂತ. ನಾಲ್ಕು ದಿನ ಹೆದರುತ್ತದೆ, ಐದನೆಯ ದಿನ ಅಡಿಯಿಂದ ನುಗ್ಗುತ್ತದೆ. ಒಂದು ಮೂಲೆಯಲ್ಲಿ ಜರಿ ಅಂಚಿನ ಕೆಂಪು ಸೀರೆ ಒಂದಿತ್ತು, ಮಳೆಗೆ ಬಣ್ಣ ಬಿಟ್ಟು ಕೆಸರು ಹತ್ತಿತ್ತು. ಆ ಅಕ್ಕ ಅದನ್ನು ಮುಟ್ಟಿ, "ಮದುವೆಯದ್ದು, ಇನ್ನು ಯಾವುದಕ್ಕೆ?" ಅಂದರು. ಅವರ ಗಂಡನಿಗೆ ಎಪ್ಪತ್ತೆರಡು. ರಾತ್ರಿ ಎರಡು ಗಂಟೆಗೆ ಕೊಡೆ ಹಿಡಿದು, ತಗಡಿನ ಡಬ್ಬ ಬಡಿಯುತ್ತಾ ಸುತ್ತು ಹಾಕುತ್ತಾರೆ. ಇಬ್ಬರು ಗಂಡುಮಕ್ಕಳೂ ಗಲ್ಫಿನಲ್ಲಿ. ಬೆಳೆ ಹಾನಿಗೆ ಅರ್ಜಿ ಹಾಕಲು ಹೋದರೆ ಒಂದು ಕಚೇರಿಯಲ್ಲಿ ಕೊಟ್ಟದ್ದು ಬರೀ ಮಲಯಾಳದ ಫಾರಂ. ಕನ್ನಡ ಬಿಟ್ಟು ಬೇರೆ ಓದಲು ಬಾರದ ಅವರು ಅದನ್ನು ಹಿಡಿದುಕೊಂಡು ನನ್ನ ಮನೆಗೆ ಬಂದರು. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದು ನಾವು ಇಷ್ಟು ವರ್ಷ ವೇದಿಕೆಯಲ್ಲಿ ಮಾತಾಡಿದ್ದು ಒಂದು ಹಂದಿಯ ಅರ್ಜಿಗೂ ಒದಗಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇದೇ ತುಳುನಾಡು ತೋಟ ಹಾಳು ಮಾಡಿದ ಹಂದಿಯನ್ನು ಪಂಜುರ್ಲಿ ಎಂದು ನಂಬಿದೆ. ಈಶ್ವರನ ಹೂದೋಟ ಕೆಡಿಸಿದ ಹಂದಿಯೇ ಭೂಮಿಗೆ ಬಂದು ಬೆಳೆ ಕಾಯುವ ದೈವವಾಯಿತು ಎನ್ನುವ ಕತೆ ನಿಮಗೂ ಗೊತ್ತು. ಭೂಮಿತಾಯಿಯ ಹಬ್ಬವಾದ ಕೆಡ್ಡಸದ ಮೂರು ದಿನ ಭೂಮಿಗೆ ಹಾರೆ ತಾಗಿಸದ ಜನ, ಅದೇ ಕೆಡ್ಡಸಕ್ಕೆ ಊರು ಸೇರಿ ಬೇಟೆಗೂ ಹೋಗುತ್ತಿದ್ದರು. ಸಿಕ್ಕಿದ್ದನ್ನು ಪಾಲು ಮಾಡುತ್ತಿದ್ದರು, ನಾಯಿ ಬಿಟ್ಟವರಿಗೂ ಒಂದು ಪಾಲು. ಅದು ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಕಾಡು ಆಗಿನಷ್ಟಿಲ್ಲ, ಕಾನೂನು ಬೇಕೇ ಬೇಕು. ಆದರೆ ಬೇಟೆಗೆ ಹೋದವನು ಮಾರನೆಯ ದಿನವೂ ಅದೇ ಊರಲ್ಲಿ ಇರಬೇಕಿತ್ತು. ನೆರೆಯವರಿಗೆ, ದೈವಕ್ಕೆ, ಆ ಗುಡ್ಡೆಗೆ ಉತ್ತರ ಕೊಡಬೇಕಿತ್ತು. ಹತ್ತು ದಿನದ ಟಿಕೆಟ್‌ನಲ್ಲಿ ಅದೊಂದು ಸಿಗುವುದಿಲ್ಲ.

ನಮ್ಮ ಕಾಲದ ದೊಡ್ಡ ಕಾಯಿಲೆ ಇದೇ ಅನಿಸುತ್ತದೆ ನನಗೆ. ಎಲ್ಲದಕ್ಕೂ ಪ್ಯಾಕೇಜ್. ಮದುವೆಗೆ, ತೀರ್ಥಯಾತ್ರೆಗೆ, ಈಗ ದೈವದ ಕೋಲ ತೋರಿಸುವುದಕ್ಕೂ. ಮನೆಯ ಹಿಂದಿನ ಗುಡ್ಡೆಯಲ್ಲಿ ಕೂಗುವುದು ಯಾವ ಹಕ್ಕಿ ಎಂದು ಕೇಳಿದರೆ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ನಮ್ಮ ಕಾಡಿನ ಪುಟ್ಟ ಜಿಂಕೆಯಂಥ ಪ್ರಾಣಿ ಬರಿಂಕ. ಬರಿಂಕ ಅಂದರೆ ಏನೆಂದು ಕಳೆದ ತಿಂಗಳು ಒಂದು ಶಾಲೆಯಲ್ಲಿ ಕೇಳಿದೆ. ಮೂವತ್ತು ಮಕ್ಕಳಲ್ಲಿ ಒಬ್ಬಳು ಹುಡುಗಿ ಕೈ ಎತ್ತಿದಳು, ಅದೂ ಅವಳ ಅಜ್ಜಿ ಹೇಳಿದ್ದರಿಂದ. ಸಿಂಹ, ಜಿರಾಫೆ ಎಲ್ಲರಿಗೂ ಗೊತ್ತು.

ಹೋಗಬೇಡಿ ಎಂದು ನಾನು ಹೇಳಿದರೆ ನೀವು ಕೇಳಬೇಕೆಂದೇನೂ ಇಲ್ಲ. ಆದರೂ ಹೇಳುತ್ತೇನೆ, ಬೇಡ. ನಿಮ್ಮ ಮನೆಯವರು ಸರಿಯಾಗಿಯೇ ಹೇಳಿದ್ದಾರೆ. ಆ ದೇಶ ನೋಡಬೇಕೆನಿಸಿದರೆ ಕ್ಯಾಮೆರಾ ಹಿಡಿದು ಹೋಗಿ. ಹೆಜ್ಜೆ ಹುಡುಕುವವರ ಹಿಂದೆ ನಾಲ್ಕು ದಿನ ನಡೆಯಿರಿ. ಬಂದ ಮೇಲೆ ಬರೆಯಿರಿ, ಎಷ್ಟು ಪುಟವಾದರೂ ಹಾಕುತ್ತೇನೆ.

ಇನ್ನು ಫೋಟೋ. ಮೇಜಿನ ಮೇಲೆ ಇಟ್ಟುಕೊಂಡು ಈ ಮೂರು ವಾರವೂ ನೋಡಿದ್ದೇನೆ. ಕೊಟ್ಟಿಗೆಗೆ ನುಗ್ಗಿ ಕರು ಒಯ್ಯುತ್ತಿದ್ದ ಚಿರತೆ ಎಂದು ಹಿಂದೆ ಬರೆದಿದ್ದೀರಿ. ನಿಮ್ಮ ಅಜ್ಜ ಬೆಡಿ ಊರಿ ನಿಂತಿದ್ದಾರೆ, ಗಂಭೀರ ಮುಖ, ಕಾಲಲ್ಲಿ ಚಪ್ಪಲಿ. ಅವರ ಎಡಕ್ಕೆ ಇನ್ನೊಬ್ಬರಿದ್ದಾರೆ. ಬರಿ ಮೈ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಕೈಯಲ್ಲಿ ನಾಯಿಯ ಹಗ್ಗ. ಅವರು ಕ್ಯಾಮೆರಾ ನೋಡುತ್ತಿಲ್ಲ, ಚಿರತೆಯ ಮುಂಗಾಲು ನೋಡುತ್ತಿದ್ದಾರೆ. ಫೋಟೋದ ಹಿಂದೆ ಅಜ್ಜನ ಹೆಸರಿದೆ, ಇಸವಿ ಇದೆ, ಚಿರತೆಯ ಉದ್ದವೂ ಇದೆ. ಇವರ ಹೆಸರಿಲ್ಲ.

ನಿಮ್ಮ ದೊಡ್ಡಮ್ಮ ಊರಲ್ಲೇ ಇದ್ದಾರೆ ಎಂದು ಬರೆದಿದ್ದೀರಿ. ಅವರಿಗೆ ಫೋನ್ ಮಾಡಿ ಕೇಳಿ. ಇವರು ಯಾರು, ಮನೆ ಎಲ್ಲಿತ್ತು, ಮಕ್ಕಳು ಮೊಮ್ಮಕ್ಕಳು ಈಗ ಎಲ್ಲಿದ್ದಾರೆ. ತಿಳಿದರೆ ಬರೆದು ಕಳಿಸಿ. ಎರಡೂ ಹೆಸರು ಹಾಕಿ, ಫೋಟೋವನ್ನು ಪೂರ್ತಿ ಪುಟದಲ್ಲಿ ಅಚ್ಚು ಮಾಡುತ್ತೇನೆ.