ಆಂಡುಯಿನ್ ದಂಡೆಯಲ್ಲೇ ಯಾಕೆ ಅಷ್ಟೊಂದು ಯುದ್ಧಗಳು?

‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಅವರ ಕಾಲ್ಪನಿಕ ಲೋಕ ಮಿಡ್ಲ್ ಅರ್ತ್‌ನಲ್ಲಿ ಆಂಡುಯಿನ್ ನದಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಅಷ್ಟೊಂದು ಯುದ್ಧಗಳು ಅದರ ದಂಡೆಯಲ್ಲೇ ಯಾಕೆ ನಡೆದವು ಅಂತ ಕೇಳಿದ್ದೀರಿ. ನನಗೆ ಬಹಳ ಇಷ್ಟವಾದ ನದಿ ಇದು. ನಕ್ಷೆ ಬಿಡಿಸಿಕೊಂಡು ಅದರ ಮೇಲೆ ಬೆರಳಿಟ್ಟು ಎಷ್ಟೋ ಸಲ ಕೆಳಗಿನವರೆಗೂ ಹೋಗಿದ್ದೇನೆ. ನೀವೂ ಹಾಗೆ ನೋಡಿ, ಆದರೆ ಹೊಳೆ ದಾಟುವ ಜಾಗ ಎಲ್ಲೆಲ್ಲಿದೆ ಅನ್ನೋದನ್ನು ಗಮನಿಸಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಆಂಡುಯಿನ್ ಅಂದರೆ ಅಲ್ಲಿನ ಎಲ್ಫ್ ಎಂಬ ಜನಾಂಗದ ಭಾಷೆಯಲ್ಲಿ ಉದ್ದನೆಯ ನದಿ. ಉತ್ತರದ ಬೆಟ್ಟಗಳಲ್ಲಿ ಗ್ರೇಲಿನ್, ಲ್ಯಾಂಗ್‌ವೆಲ್ ಎಂಬ ಎರಡು ಹೊಳೆ ಕೂಡಿ ಇದು ಶುರುವಾಗುತ್ತದೆ. ಅಲ್ಲಿಂದ ಸುಮಾರಾಗಿ ದಕ್ಷಿಣಕ್ಕೇ ಹರಿಯುತ್ತದೆ. ಪಶ್ಚಿಮಕ್ಕೆ ಮಿಸ್ಟಿ ಮೌಂಟನ್ಸ್ ಸಾಲು, ಪೂರ್ವಕ್ಕೆ ಮಿರ್ಕ್‌ವುಡ್ ಕಾಡು. ಹಾಗಾಗಿ ಗ್ಲ್ಯಾಡನ್, ಸಿಲ್ವರ್‌ಲೋಡ್, ಲಿಮ್‌ಲೈಟ್, ಎಂಟ್‌ವಾಶ್ ಎಲ್ಲವೂ ಪಶ್ಚಿಮದ ಬೆಟ್ಟದ ಕಡೆಯಿಂದಲೇ ಬಂದು ಸೇರುತ್ತವೆ. ನಡುವೆ ರೌರೋಸ್ ಜಲಪಾತ ಇದೆ. ದೋಣಿಯಲ್ಲಿ ಬಂದವರು ಅಲ್ಲಿ ದೋಣಿ ಹೊತ್ತು ಮೆಟ್ಟಿಲಿಳಿಯಬೇಕು. ಅದರ ಕೆಳಗೆ ಜೌಗು, ಆಮೇಲೆ ಗೊಂಡೋರ್ ರಾಜ್ಯ, ಕೊನೆಗೆ ಕವಲೊಡೆದು ಬೆಲ್ಫಲಾಸ್ ಕೊಲ್ಲಿ.

ಇಷ್ಟು ಉದ್ದದ ನದಿಗೆ ಸೈನ್ಯ ದಾಟುವ ಜಾಗ ಬೆರಳೆಣಿಕೆಯಷ್ಟೇ. ಮೇಲೆ ಓಲ್ಡ್ ಫೋರ್ಡ್ ಎಂಬ ನಡೆದು ದಾಟುವ ಜಾಗ, ಮಧ್ಯೆ ಅನ್‌ಡೀಪ್ಸ್ ಎಂಬ ನೀರು ಕಡಿಮೆ ಇರುವ ತಿರುವುಗಳು, ಕೆಳಗೆ ಕೈರ್ ಆಂಡ್ರೋಸ್ ನಡುಗಡ್ಡೆ ಮತ್ತು ಓಸ್ಗಿಲಿಯಾತ್ ಊರಿನ ಸೇತುವೆ. ಪೂರ್ವದಿಂದ ಬರುವ ಶತ್ರು ಇವುಗಳಲ್ಲೇ ಒಂದನ್ನು ಹಿಡಿಯಬೇಕು. ಯುದ್ಧ ಬೇರೆಲ್ಲಿ ನಡೆಯೋಕೆ ಸಾಧ್ಯ?

2510ರಲ್ಲಿ (ಇಲ್ಲಿರುವ ವರ್ಷಗಳೆಲ್ಲ ಮೂರನೇ ಯುಗದವು) ಪೂರ್ವದ ಬಾಲ್ಖೋತ್ ಎಂಬ ಶತ್ರುಜನ ಅನ್‌ಡೀಪ್ಸ್ ಹತ್ತಿರ ತೆಪ್ಪಗಳಲ್ಲಿ ದಾಟಿದರು. ಗೊಂಡೋರ್ ಸೈನ್ಯ ಸೋಲುವ ಹೊತ್ತಿಗೆ ಉತ್ತರದಿಂದ ಏಯೋರ್ಲ್ ಎಂಬ ನಾಯಕನ ಕುದುರೆ ಸವಾರರು ಬಂದರು. ಇವರ ಜನ 1977ರಿಂದ ಇದೇ ನದಿಯ ಮೂಲದ ಹತ್ತಿರ ಇದ್ದವರು! ಆ ಸಹಾಯಕ್ಕೆ ಪ್ರತಿಯಾಗಿ ಸಿಕ್ಕಿದ ನೆಲವೇ ರೋಹನ್ ರಾಜ್ಯ ಆಯಿತು. ಮೇಲಿನ ಹೊಳೆಯವರು ಕೆಳಗಿನ ಹೊಳೆಯವರನ್ನು ಉಳಿಸಿದ ಕಥೆ ಇದು. ಜನ ಇದನ್ನು ಜಾಸ್ತಿ ಮಾತಾಡುವುದಿಲ್ಲ ಅಂತ ನನಗೆ ಬೇಜಾರು.

ಟೋಲ್ಕಿನ್ ಕಥೆಯ ಕೇಂದ್ರವಾದ ಮಾಯಾ ಉಂಗುರದ ಕಥೆ ನಿಮಗೆ ಗೊತ್ತಿರುತ್ತದೆ. 2ನೇ ವರ್ಷದಲ್ಲಿ ಅದನ್ನು ತೊಟ್ಟಿದ್ದ ರಾಜ ಇಸಿಲ್ದೂರ್ ಗ್ಲ್ಯಾಡನ್ ಬಯಲಿನ ಹತ್ತಿರ ಓರ್ಕ್ ಎಂಬ ದುಷ್ಟ ಜೀವಿಗಳಿಂದ ತಪ್ಪಿಸಿಕೊಳ್ಳಲು ನದಿಗೆ ಇಳಿದ. ಉಂಗುರ ಬೆರಳಿನಿಂದ ಜಾರಿತು, ಬಾಣಕ್ಕೆ ಅವನು ಸತ್ತ. ಸುಮಾರು 2463ರಲ್ಲಿ ಡಿಯಾಗೋಲ್ ಎಂಬವನಿಗೆ ಮೀನು ಹಿಡಿಯುವಾಗ ಸಿಗುವವರೆಗೂ ಅದು ಆ ನೀರಿನ ತಳದಲ್ಲೇ ಇತ್ತು.

ಆದರೆ ನನ್ನನ್ನು ಎಲ್ಲಕ್ಕಿಂತ ಕಾಡುವುದು ಓಸ್ಗಿಲಿಯಾತ್. ನದಿಯ ಎರಡೂ ದಡದಲ್ಲಿದ್ದ ಗೊಂಡೋರ್‌ನ ರಾಜಧಾನಿ. ಸಮುದ್ರದ ಹಡಗುಗಳು ಅಲ್ಲಿವರೆಗೂ ಬರುತ್ತಿದ್ದವು. ಸೇತುವೆಯ ಮೇಲೇ ಕಲ್ಲಿನ ಮನೆಗಳಿದ್ದವು. 1437ರಲ್ಲಿ ಅರಸುಮನೆತನದ ಒಳಜಗಳದಲ್ಲಿ ಊರು ಸುಟ್ಟಿತು. ಅಲ್ಲಿದ್ದ ಪಲಾಂಟೀರ್, ಅಂದರೆ ದೂರದ್ದನ್ನು ತೋರಿಸುವ ಕಲ್ಲು, ಆಗ ನದಿಯ ಪಾಲಾಯಿತು. 1636ರಲ್ಲಿ ಪಿಡುಗು ಬಂತು. 1640ರಲ್ಲಿ ರಾಜ ಆ ಊರು ಬಿಟ್ಟು ಮಿನಾಸ್ ಅನೋರ್ ಎಂಬ ಊರಿಗೆ ಹೋದ. 2475ರಲ್ಲಿ ಸೇತುವೆ ಮುರಿಯಿತು. ಊರಿನ ನಡುವೆ ಹರಿಯುತ್ತಿದ್ದ ನದಿ ಗಡಿಯಾಯಿತು.

3018ರ ಜೂನ್‌ನಲ್ಲಿ ಪೂರ್ವದ ಶತ್ರುರಾಜ್ಯ ಮೋರ್ಡೋರ್‌ನ ಸೈನ್ಯ ಓಸ್ಗಿಲಿಯಾತ್‌ಗೆ ನುಗ್ಗಿದಾಗ ಗೊಂಡೋರ್‌ನವರು ಉಳಿದಿದ್ದ ಕೊನೆಯ ಸೇತುವೆಯನ್ನೂ ಕೆಡವಿದರು. ಸೇತುವೆ ಕಾದವರಲ್ಲಿ ಈಜಿ ದಡ ಸೇರಿದ್ದು ನಾಲ್ಕೇ ಜನ. ಅವರಲ್ಲಿ ಇಬ್ಬರು ಗೊಂಡೋರ್‌ನ ಸೇನಾನಾಯಕ ಬೊರೊಮಿರ್ ಮತ್ತು ಅವನ ತಮ್ಮ ಫರಾಮಿರ್. ಎಂಟು ತಿಂಗಳ ನಂತರ ರೌರೋಸ್ ಜಲಪಾತದ ಮೇಲ್ಗಡೆ ಬೊರೊಮಿರ್ ಸತ್ತ. ಗೆಳೆಯರು ಅವನನ್ನು ದೋಣಿಯಲ್ಲಿ ಮಲಗಿಸಿ ನೀರಿಗೆ ಬಿಟ್ಟರು. ಓಸ್ಗಿಲಿಯಾತ್ ಹತ್ತಿರ ರಾತ್ರಿ ಕಾವಲಿಗೆ ಕೂತಿದ್ದ ಫರಾಮಿರ್ ಆ ದೋಣಿ ಬರುವುದನ್ನು ಕಂಡು ನೀರಿಗಿಳಿದ. ಅಣ್ಣನ ಮುಖ ನೋಡಿದ. ಮುಟ್ಟಲು ಧೈರ್ಯ ಬರಲಿಲ್ಲ. ದೋಣಿ ಸಮುದ್ರದ ಕಡೆಗೆ ಹೋಯಿತು.