ಚಿಕ್ಕಪ್ಪನ ಕೊಲೆ ಕೇಸಲ್ಲಿ ಎಲ್ಲರೂ ಖುಲಾಸೆ. ಬಂದ್ ಮಾಡಿದರೆ ಒತ್ತಡ ಬೀಳುತ್ತಾ, ಫೇಸ್‌ಬುಕ್‌ನಲ್ಲಿ ಬರೆದರೆ ಬೀಳುತ್ತಾ?

ಒತ್ತಡ ಯಾರ ಮೇಲೆ ಸ್ವಾಮಿ? ಅದನ್ನು ಹೇಳಿ ಮೊದಲು. ನಿಮ್ಮ ಚಿಕ್ಕಪ್ಪನ ಕೇಸಲ್ಲಿ ತೀರ್ಪು ಓದಿದ ಜಡ್ಜ್ ಹತ್ತಿರ ಈಗ ಆ ಕೇಸೇ ಇಲ್ಲ. ಇಡೀ ತಾಲ್ಲೂಕು ಬಂದ್ ಆದರೂ ಅವರು ಬರೆದ ತೀರ್ಪನ್ನು ಅವರೇ ತಿದ್ದೋಕೆ ಆಗಲ್ಲ. ಇದು ನಮಗೂ ಆಗ ಗೊತ್ತಿರಲಿಲ್ಲ. ನೀವು ಕೇಳಿರುವ ಎರಡನ್ನೂ ನಾವು ಮಾಡಿದ್ದೇವೆ.

ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಒಂದು ಹಳ್ಳಿ. ಕೊಲೆಯಾದದ್ದು ನನ್ನ ಸೋದರಮಾವ. ಬೋರ್‌ವೆಲ್ ಜಗಳ. ಪಕ್ಕದ ತೋಟದವರು ಮಾವನ ಬೋರ್ ಪಕ್ಕದಲ್ಲೇ ಇನ್ನೊಂದು ಬೋರ್ ಕೊರೆಸಿದರು, ಮಾವನದು ಬತ್ತಿತು. 1,500 ಅಡಿ ಕೊರೆದರೂ ಧೂಳು ಹಾರುವ ಸೀಮೆ ನಮ್ಮದು. ನೀರಿನ ಜಗಳ ಇಲ್ಲಿ ಪಂಚಾಯ್ತಿಯಲ್ಲಿ ಮುಗಿಯಲ್ಲ. ಒಂದು ಸಂಜೆ ಬೈಕಲ್ಲಿ ಬಂದ ಇಬ್ಬರು ಮಾವನನ್ನು ಮಚ್ಚಿನಿಂದ ಹೊಡೆದು ಹೋದರು. ಇಬ್ಬರೂ ಹೊರಗಿನವರು, ಊರಲ್ಲಿ ಯಾರೂ ಅವರ ಮುಖ ನೋಡಿರಲಿಲ್ಲ. ಕಣ್ಣಾರೆ ಕಂಡಿದ್ದು ಅತ್ತೆ ಒಬ್ಬರೇ, ಹಾಲಿನ ಡೈರಿ ಮುಂದಿನ ಲೈಟಿನ ಬೆಳಕಲ್ಲಿ. ಪಕ್ಕದ ತೋಟದವನು ಎ1, ಅಂದರೆ ಒಂದನೇ ಆರೋಪಿ, ಬೈಕಿನವರು ಎ2 ಮತ್ತು ಎ3.

ಮೂವರೂ ಖುಲಾಸೆಯಾದ ದಿನ ಅವರ ಕಡೆಯವರು ಬಸ್ ಸ್ಟ್ಯಾಂಡಲ್ಲಿ ಪಟಾಕಿ ಹೊಡೆದರು. ಮಾರನೇ ದಿನ ನಾವು ರಸ್ತೆಗೆ ಟೈರ್ ಹಾಕಿ ಬೆಂಕಿ ಹಚ್ಚಿದೆವು. ಮಾವಿನ ಸೀಸನ್ನು, ಲಾರಿಗಳು ಸಾಲಾಗಿ ನಿಂತವು. ಮಂಡಿಯ ವ್ಯಾಪಾರಿ ಒಬ್ಬರು ಇಳಿದು ಬಂದು, 'ನಿಮ್ಮ ಮಾವ ನಮಗೂ ಬೇಕಾದವರೇನಪ್ಪ, ಆದ್ರೆ ನನ್ನ ಬಾದಾಮಿ ಲೋಡು ಇಲ್ಲೇ ಹಣ್ಣಾಗ್ತಿದೆ' ಅಂದರು. ಅವರ ಮೇಲೆ ನಮ್ಮ ಹುಡುಗರು ಎಗರಿಬಿದ್ದರು. ಟೀ ಅಂಗಡಿಯಲ್ಲಿ ಜಡ್ಜ್ ಎಷ್ಟು ತಗೊಂಡರು ಅನ್ನೋ ಮಾತು. ಬೆಳಗ್ಗೆ ಲಕ್ಷದಲ್ಲಿದ್ದದ್ದು ಸಂಜೆಗೆ ಕೋಟಿ. ನಾನೂ ಅದನ್ನೇ ಫೇಸ್‌ಬುಕ್‌ನಲ್ಲಿ ಬರೆದೆ, ಜನ ಶೇರ್ ಮೇಲೆ ಶೇರ್ ಮಾಡಿದರು. ಒಬ್ಬರಾದರೂ ತೀರ್ಪು ಓದಿದ್ದೀಯಾ ಅಂತ ಕೇಳಲಿಲ್ಲ.

ಸ್ಟೇಜ್ ಮೇಲೆ ಒಬ್ಬ ಮುಖಂಡರು 'ಇದು ಇನ್ನೊಂದು ಕಂಬಾಲಪಲ್ಲಿ' ಅಂತ ಗುಡುಗಿದರು. ನಮ್ಮ ಕಡೆ ಖುಲಾಸೆ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಅದೇ. ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ 2000ದ ಮಾರ್ಚ್‌ನಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಉಲ್ಟಾ ಹೊಡೆದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಸಾಕ್ಷಿ ಹೇಳಬೇಕಾದವರು ಅದೇ ಊರಲ್ಲಿ, ಅದೇ ಜನರ ನಡುವೆ ಬದುಕಬೇಕಿತ್ತು. ನಮ್ಮ ಬೋರ್‌ವೆಲ್ ಜಗಳವನ್ನು ಅದರ ಪಕ್ಕ ನಿಲ್ಲಿಸಿದ್ದು ನನಗೆ ಅವತ್ತೂ ಸರಿ ಕಾಣಲಿಲ್ಲ. ಆದರೂ ಚಪ್ಪಾಳೆ ಹೊಡೆದೆ.

ನಮ್ಮ ಕೇಸಲ್ಲಿ ಅತ್ತೆ ಉಲ್ಟಾ ಹೊಡೆಯಲಿಲ್ಲ, ಇದ್ದದ್ದನ್ನು ಇದ್ದಂಗೇ ಹೇಳಿದರು. ಕೇಸ್ ಬಿದ್ದದ್ದು ನನ್ನ ಫೋನಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಯಾರಿಗೂ ಗೊತ್ತಿರಲ್ಲ. ಆರೋಪಿ ಸಾಕ್ಷಿಗೆ ಗುರುತಿಲ್ಲದವನಾದರೆ, ಜೈಲಿನಲ್ಲಿ ತಹಶೀಲ್ದಾರ್ ಮುಂದೆ ಗುರುತು ಪೆರೇಡ್ ನಡೆಯುತ್ತದೆ. ಆರೋಪಿಯನ್ನು ಅದೇ ವಯಸ್ಸಿನ, ಅದೇ ಮೈಕಟ್ಟಿನ ಬೇರೆಯವರ ಜೊತೆ ಸಾಲಲ್ಲಿ ನಿಲ್ಲಿಸುತ್ತಾರೆ. ಸಾಕ್ಷಿ ಬಂದು 'ಇವನೇ' ಅಂತ ತೋರಿಸಬೇಕು. ಅಲ್ಲಿವರೆಗೆ ಆರೋಪಿಯ ಮುಖ ಸಾಕ್ಷಿಯ ಕಣ್ಣಿಗೆ ಬೀಳಬಾರದು. ಪೊಲೀಸರು ಮುಖಕ್ಕೆ ಬಟ್ಟೆ ಮುಚ್ಚಿ ಕರೆತರೋದು ಇದಕ್ಕೇ. ಪೆರೇಡಿಗೆ ಮೊದಲೇ ಸಾಕ್ಷಿ ಫೋಟೋ ನೋಡಿಬಿಟ್ಟರೆ, ಅವಳು ಗುರುತು ಹಿಡಿದದ್ದು ಕೊಲೆಯ ದಿನ ಕಂಡ ಮುಖವನ್ನೋ, ಫೋಟೋದಲ್ಲಿ ಕಂಡ ಮುಖವನ್ನೋ? ದೇವರೂ ಹೇಳೋಕಾಗಲ್ಲ. ಆಮೇಲೆ ಕೋರ್ಟಲ್ಲಿ ಕೈ ತೋರಿಸಿ 'ಇವರೇ' ಅಂದರೂ ಅದಕ್ಕೆ ಬೆಲೆ ಕಮ್ಮಿ.

ಎ2, ಎ3 ಸಿಕ್ಕಿಬಿದ್ದ ರಾತ್ರಿ ಯಾರೋ ಠಾಣೆ ಹತ್ತಿರ ತೆಗೆದ ಫೋಟೋ ನನಗೆ ಬಂತು. ಒಬ್ಬ ಹಳದಿ ಟೀ ಶರ್ಟು, ಇನ್ನೊಬ್ಬನ ಹಣೆ ಮೇಲೆ ಬ್ಯಾಂಡೇಜು. ಮನೆಯವರ ವಾಟ್ಸಾಪ್ ಗ್ರೂಪಿಗೆ 'ಇವರೇ ನೋಡಿ' ಅಂತ ಹಾಕಿದೆ. ನನ್ನ ಲೆಕ್ಕದಲ್ಲಿ ಅದು ಒಳ್ಳೆ ಸುದ್ದಿ, ಅತ್ತೆಗೆ ಸಮಾಧಾನವಾಗಲಿ ಅಂತ. ಪೆರೇಡ್ ಆಗಿದ್ದು ಅದಾದ ಮೇಲೆ.

ಪಾಟೀಸವಾಲಿನ ದಿನ, ಅಂದರೆ ಆರೋಪಿಗಳ ವಕೀಲರು ಸಾಕ್ಷಿಯನ್ನು ಪ್ರಶ್ನೆ ಕೇಳಿದ ದಿನ, ಅತ್ತೆ ಹೊರಗೆ ಬಂದು 'ಚೆನ್ನಾಗೇ ಹೇಳ್ದೆ ಕಣಪ್ಪ, ಒಂದು ಸುಳ್ಳೂ ಹೇಳ್ಲಿಲ್ಲ' ಅಂದಿದ್ದರು. ಏನು ಕೇಳಿದರು ಅಂತ ನಾನೂ ಕೆದಕಲಿಲ್ಲ. ಬಂದ್ ಎಲ್ಲ ಮುಗಿದು, ಜನ ಅವರವರ ಟೊಮೇಟೊ, ಹಾಲು ಅಂತ ಹೋದ ಮೇಲೆ, ಬೆಂಗಳೂರಿನ ವಕೀಲರು ತೀರ್ಪಿನ ಕಾಪಿ ತನ್ನಿ ಅಂದರು. ಆಗ ಓದಿದೆ. ಅವರ ವಕೀಲರ ಪ್ರಶ್ನೆ, ಅತ್ತೆಯ ಉತ್ತರ: ಗುರುತು ಹಿಡಿಯೋಕೆ ಹೋಗುವ ಮೊದಲೇ ಆರೋಪಿಗಳ ಫೋಟೋ ನೋಡಿದ್ದಿರಾ? ನೋಡಿದ್ದೆ, ಮಗ ಫೋನಲ್ಲಿ ತೋರಿಸಿದ. ಅವನಿಗೆ ಯಾರು ಕಳಿಸಿದ್ದು? ನಮ್ಮ ನಾದಿನಿ ಮಗ.

ನಾದಿನಿ ಮಗ ಅಂದರೆ ನಾನು.

ಉಳಿದದ್ದೂ ಗಟ್ಟಿ ಇರಲಿಲ್ಲ ಬಿಡಿ. ಮಚ್ಚು ಸಿಕ್ಕಿತು ಅಂತ ಪೊಲೀಸರು ಬರೆದ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರು 'ಸಹಿ ನಮ್ಮದೇ, ಆದರೆ ಠಾಣೆಯಲ್ಲಿ ಹಾಕಿಸಿಕೊಂಡರು' ಅಂದರು. ಎ2, ಎ3 ಕಳಚಿಕೊಂಡ ಮೇಲೆ ಎ1 ಮೇಲೆ ಉಳಿದದ್ದು ಹಳೇ ದ್ವೇಷ ಒಂದೇ. ದ್ವೇಷ ಇತ್ತು ಅಂತ ಯಾರನ್ನೂ ಜೈಲಿಗೆ ಹಾಕಲ್ಲ. ಅವರೇ ಕೊಲೆ ಮಾಡಿದ್ದು, ಮಾಡಿಸಿದ್ದು ಅಂತ ನಾನು ಇವತ್ತಿಗೂ ನಂಬಿದ್ದೇನೆ. ಆದರೆ ನನ್ನ ಮುಂದೆ ಆ ಫೈಲ್ ಇಟ್ಟಿದ್ದರೆ ನಾನೂ ಜಡ್ಜ್ ಬರೆದದ್ದನ್ನೇ ಬರೆಯಬೇಕಾಗಿತ್ತು. ಇದನ್ನು ಹೇಳಿದರೆ ನಮ್ಮ ಮನೆಯಲ್ಲೇ ಕೆಲವರು ಮಾತು ಬಿಡುತ್ತಾರೆ. ಜಡ್ಜ್ ದುಡ್ಡು ತಗೊಂಡರು ಅಂತ ಬರೆದಿದ್ದ ಪೋಸ್ಟ್ ಅಳಿಸಿದೆ. ತೀರ್ಪು ತಪ್ಪು ಅಂತ ಟೀಕಿಸೋದು ತಪ್ಪಲ್ಲ. ಲಂಚ ಅಂತ ಪುರಾವೆ ಇಲ್ಲದೆ ಬರೆದರೆ ನ್ಯಾಯಾಂಗ ನಿಂದನೆ ಕೇಸು ಬೀಳಬಹುದು. ನೀವು ಬರೆಯೋದಿದ್ದರೆ ಈ ಗೆರೆ ನೆನಪಿರಲಿ.

ದೆಹಲಿಯಲ್ಲಿ ಗುಂಡಿಗೆ ಬಲಿಯಾದ ಮಾಡೆಲ್ ಜೆಸ್ಸಿಕಾ ಲಾಲ್ ಕೇಸಲ್ಲಿ ಜನ ಬೀದಿಗಿಳಿದದ್ದಕ್ಕೇ ಶಿಕ್ಷೆ ಆಯ್ತಲ್ಲ ಅಂತ ನೀವು ಕೇಳಬಹುದು. ನಮ್ಮ ಹುಡುಗರೂ ಅದನ್ನೇ ಹೇಳುತ್ತಿದ್ದರು. ನಿಜ, 2006ರ ಫೆಬ್ರವರಿಯಲ್ಲಿ ಎಲ್ಲರೂ ಖುಲಾಸೆಯಾದಾಗ ದೆಹಲಿಯಲ್ಲಿ ಜನ ಮೇಣದಬತ್ತಿ ಹಿಡಿದು ನಿಂತರು. ಆದರೆ ಪೊಲೀಸರು ಹೈಕೋರ್ಟಿಗೆ ಮೇಲ್ಮನವಿ ಹಾಕಿದ್ದರಿಂದ ತಾನೇ ಅದೇ ವರ್ಷ ಡಿಸೆಂಬರ್‌ನಲ್ಲಿ ಮುಖ್ಯ ಆರೋಪಿಗೆ ಜೀವಾವಧಿ ಆಗಿದ್ದು? ಹೈಕೋರ್ಟ್ ನೋಡಿದ್ದು ಕೆಳಗಿನ ಕೋರ್ಟಿನ ಅದೇ ಹಳೇ ಸಾಕ್ಷ್ಯವನ್ನು. ಜನರ ಗದ್ದಲದಿಂದ ಬೇಗ ಮೇಲ್ಮನವಿ ಹಾಕಿಸಬಹುದು. ಅದಕ್ಕಿಂತ ಜಾಸ್ತಿ ಏನೂ ಆಗಲ್ಲ.

ಆದ್ದರಿಂದ ಬಂದ್ ಬೇಡ. ನಾಲ್ಕು ಜನ ಹೋಗಿ ಡಿಸಿಗೆ ಮನವಿ ಕೊಡಿ, ಅದರಲ್ಲಿ ಒಂದೇ ಮಾತು ಇರಲಿ: ಸರ್ಕಾರ ಈ ಖುಲಾಸೆ ವಿರುದ್ಧ ಹೈಕೋರ್ಟಿಗೆ ಹೋಗಬೇಕು. ಸರ್ಕಾರಕ್ಕೆ ಇರುವುದು 90 ದಿನ. ಸರ್ಕಾರ ಹೋಗದಿದ್ದರೂ ಮನೆಯವರೇ ಹೋಗಬಹುದು. ಕ್ರಿಮಿನಲ್ ಕೇಸ್ ನಡೆಸುವ ಕಾನೂನಲ್ಲೇ ಇದೆ: ಹಳೇ ಸಿಆರ್‌ಪಿಸಿಯ 372ನೇ ಸೆಕ್ಷನ್, 2024ರ ಜುಲೈಯಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ 413. ಅದಕ್ಕೆ ಹೈಕೋರ್ಟಿನ ವಿಶೇಷ ಅನುಮತಿ ಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಕೇಸಲ್ಲಿ ಹೇಳಿದೆ, ಮಲ್ಲಿಕಾರ್ಜುನ ಕೊಡಗಲಿ ಕೇಸ್ ಅಂದರೆ ವಕೀಲರಿಗೆ ಗೊತ್ತಾಗುತ್ತದೆ. ಮೇಲ್ಮನವಿ ಚಿಕ್ಕಮ್ಮನ ಹೆಸರಲ್ಲಿ ಹಾಕಿಸಿ, ನಿಮ್ಮ ಹೆಸರಲ್ಲಲ್ಲ. ಹೆಂಡತಿ ಅವರು, ವಾರಸುದಾರರು ಅವರು. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅವರನ್ನೇ ಕರೆದುಕೊಂಡು ಹೋಗಿ, ಹೆಂಗಸರಿಗೆ ಅಲ್ಲಿ ಆದಾಯ ಕೇಳಲ್ಲ.

ಗೆಲ್ಲುತ್ತೀರಿ ಅಂತ ಹೇಳಲ್ಲ. ಒಂದೇ ಸಾಕ್ಷ್ಯದಿಂದ ಎರಡು ತೀರ್ಮಾನಕ್ಕೆ ಬರಬಹುದು ಅನ್ನೋ ಹಾಗಿದ್ದರೆ ಹೈಕೋರ್ಟ್ ಖುಲಾಸೆಯನ್ನು ಮುಟ್ಟಲ್ಲ. ನಮ್ಮದು ಇನ್ನೂ ಬಾಕಿ ಇದೆ. ಬಂದ್, ಧರಣಿ ಅಂತ ಓಡಾಡಿ ತಡವಾದದ್ದಕ್ಕೆ ಮನ್ನಾ ಅರ್ಜಿ ಬೇರೆ ಹಾಕಬೇಕಾಯ್ತು, ಯಾಕೆ ತಡ ಅನ್ನೋದಕ್ಕೆ ವಕೀಲರು ಬರೆದದ್ದು ಓದಿ ನನಗೇ ನಾಚಿಕೆಯಾಯ್ತು.

ನಿಮ್ಮ ಪ್ರಶ್ನೆಯಲ್ಲಿ ತೀರ್ಪು ಬಂದ ತಾರೀಖು ಇಲ್ಲ. ಅವತ್ತಿಂದಲೇ ದಿನ ಎಣಿಸಿ. ನಾಳೆ ಕೋರ್ಟಿಗೆ ಹೋಗಿ ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಜೈಲು ಶಿಕ್ಷೆಯಾದ ಆರೋಪಿಗಾದರೆ ಅದು ತಾನಾಗೇ ಸಿಗುತ್ತದೆ, ನಮ್ಮಂಥವರು ಕೇಳಿ, ದುಡ್ಡು ಕಟ್ಟಿ ತಗೋಬೇಕು. ಅದು ಬರೋವರೆಗೆ ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಇದೆಯಾ ಅಂತ ಹುಡುಕಿ, ಸಿಕ್ಕರೆ ಇವತ್ತು ರಾತ್ರಿಯೇ ಕೂತು ಓದಿ. ಪಾಟೀಸವಾಲಿನ ಭಾಗ ಎರಡು ಸಲ ಓದಿ.