ಗ್ರೈಂಡರ್‌ಗೆ ನೀರು ಬಿಡಬಹುದಾ, ಗಾರ್ಡ್ ತೆಗೆಯಬಹುದಾ?

ಪ್ರಶ್ನೆ: ಸಾರ್, ಗೋಣಿಕೊಪ್ಪದ ಹತ್ತಿರ ನಮ್ಮ ಮನೆ. ಬಚ್ಚಲಿಗೆ ನಾನೇ ವಿಟ್ರಿಫೈಡ್ ಟೈಲ್ಸ್ ಹಾಕುತ್ತಿದ್ದೇನೆ. ಹೊರಗೆ ಮಳೆ ಬಿಡುತ್ತಿಲ್ಲ, ಕಟಿಂಗ್ ಎಲ್ಲ ಒಳಗೇ. ಟೈಲ್ಸ್ ಕತ್ತರಿಸಲು 4 ಇಂಚಿನ ಕೈ ಗ್ರೈಂಡರ್ ಇದೆ. ಧೂಳು ಏಳದ ಹಾಗೆ ಬಾಟಲಿಯಿಂದ ನೀರು ಬಿಡಬಹುದಾ? ಪೈಪ್ ಹತ್ತಿರ ಎಲ್ ಆಕಾರದ ಕಟ್‌ಗೆ ಬ್ಲೇಡ್ ಮೇಲಿನ ಗಾರ್ಡ್ (ರಕ್ಷಣಾ ಕವಚ) ಅಡ್ಡ ಬರುತ್ತದೆ, ಮೇಸ್ತ್ರಿ ತೆಗೆದುಬಿಡಿ ಅಂತಾರೆ.

ಉತ್ತರ: ಮೇಸ್ತ್ರಿ ಮಾತು ಬೇಡ, ಗಾರ್ಡ್ ಇರಲಿ. ನಿಮಿಷಕ್ಕೆ 11,000 ಸುತ್ತು ತಿರುಗುವ 4 ಇಂಚಿನ ಬ್ಲೇಡಿನ ಅಂಚು ಗಂಟೆಗೆ 200 ಕಿ.ಮೀ.ಗೂ ಜಾಸ್ತಿ ವೇಗದಲ್ಲಿರುತ್ತದೆ. ಚೂರು ಹಾರಿದರೆ ಮುಖ ತಿರುಗಿಸಲು ಟೈಮೇ ಇರಲ್ಲ. ಎಲ್ ಕಟ್‌ಗೆ ಗಾರ್ಡ್ ತೆಗೆಯುವ ಅಗತ್ಯವೂ ಇಲ್ಲ: ಮೊದಲು ಒಳಮೂಲೆಯಲ್ಲಿ 6 ಎಂಎಂ ತೂತು ಕೊರೆಯಿರಿ, ಆಮೇಲೆ ಎರಡೂ ಕಡೆಯಿಂದ ಆ ತೂತಿನವರೆಗೆ ಕತ್ತರಿಸಿ. ಮೂಲೆಯಿಂದ ಬಿರುಕು ಓಡುವುದೂ ಕಮ್ಮಿ. ಬ್ಲೇಡ್ ಮಾತ್ರ ಅಂಚಿನಲ್ಲಿ ಸೀಳುಗಳಿಲ್ಲದೆ ಸುತ್ತಲೂ ಒಂದೇ ಸಮ ಇರುವ ಡೈಮಂಡ್ ಬ್ಲೇಡೇ ಆಗಿರಲಿ. ಮರ ಕತ್ತರಿಸುವ ಹಲ್ಲಿನ ಬ್ಲೇಡ್ ಹಾಕಿ ಪ್ರಯೋಗ ಮಾಡುವವರನ್ನೂ ನೋಡಿದ್ದೇನೆ, ಆ ಹುಚ್ಚು ಮಾತ್ರ ಬೇಡವೇ ಬೇಡ.

ನೀರಿನ ವಿಷಯಕ್ಕೆ ಬಂದರೆ, ಸಾಮಾನ್ಯ ಗ್ರೈಂಡರ್ ನೀರಿಗಾಗಿ ಮಾಡಿದ್ದಲ್ಲ. ಬಾಟಲಿ ನೀರು ಗಾಳಿ ಕಿಂಡಿಯಿಂದ ಮೋಟಾರಿಗೆ ಹೋಗುತ್ತದೆ, ಕಾಲ ಕೆಳಗೆ ಒದ್ದೆ ನೆಲ, ಕೈಯಲ್ಲಿ ಕರೆಂಟು. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇದೆ ಅಂತ ಸುಮ್ನೆ ಧೈರ್ಯ ಮಾಡಬೇಡಿ, ಅದು ವೈರ್ ಕಾಯುತ್ತದೆ, ನಿಮ್ಮನ್ನಲ್ಲ. ಕರೆಂಟ್ ಸೋರಿದರೆ ತಕ್ಷಣ ಕಟ್ ಮಾಡುವ 30 ಮಿಲಿಆಂಪ್ ಆರ್‌ಸಿಸಿಬಿ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದಲ್ಲಿ ಬಿಡದೆ ಮೊಳೆಗೆ ತೂಗುಹಾಕಿ. ನೀರು ಬೇಕೇ ಬೇಕಾದರೆ ನೀರಿನ ಪೈಪ್ ಇರುವ ಟೈಲ್ಸ್ ಕಟರ್ ಬಾಡಿಗೆಗೆ ತನ್ನಿ.

ಇನ್ನು ಆ ಧೂಳು. ಅದರಲ್ಲಿ ಸಿಲಿಕಾ ಇದೆ, ಶ್ವಾಸಕೋಶದಲ್ಲಿ ಕೂತರೆ ಬರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಔಷಧಿಯೇ ಇಲ್ಲ. ಮುಖಕ್ಕೆ ಟವೆಲ್ ಸುತ್ತಿದರೆ ಪ್ರಯೋಜನವಿಲ್ಲ, ಎನ್95 ಮಾಸ್ಕ್ ಮುಖಕ್ಕೆ ಅಂಟಿಕೊಂಡು ಕೂರಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್. ನಿಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಬಾಗಿಲು ಕಿಟಕಿ ಎಲ್ಲ ಮುಚ್ಚಿರುತ್ತೀರಿ, ಅಲ್ವಾ? ಆ ಧೂಳು ಮನೆಯವರ ಮೂಗಿಗೂ ಹೋಗುತ್ತದೆ. ಎರಚಲು ಹೊಡೆಯದ ಜಗುಲಿಯೋ, ಕಾರ್ ಶೆಡ್ಡೋ ನೋಡಿ.

ನಾನಾಗಿದ್ದರೆ ನೇರ ಕಟ್‌ಗಳಿಗೆ ಗ್ರೈಂಡರ್ ಮುಟ್ಟುತ್ತಲೇ ಇರಲಿಲ್ಲ. ಕೈಯಿಂದ ಎಳೆಯುವ ಟೈಲ್ಸ್ ಕಟರ್ ಸಿಗುತ್ತದೆ, ಗೆರೆ ಎಳೆದು ಹಿಡಿ ಒತ್ತಿದರೆ ಟಕ್ ಅಂತ ಮುರಿಯುತ್ತದೆ. ಕರೆಂಟೂ ಬೇಡ, ಧೂಳೂ ಇಲ್ಲದ ಹಾಗೆ. ಬಚ್ಚಲಿನ ಮುಕ್ಕಾಲು ಕೆಲಸ ಅದರಲ್ಲೇ ಮುಗಿಯುತ್ತದೆ, ಗ್ರೈಂಡರ್ ಪೈಪ್ ಹತ್ತಿರದ ನಾಲ್ಕೈದು ಟೈಲ್ಸ್‌ಗೆ ಸಾಕು.